ಮರು: ‘ನಂಬ್‌ನೆಸ್’ಗೆ ಕನ್ನಡ ಪದ, ಸೋಮವಾರದೊಳಗೆ ಬೇಕು

ಉತ್ತರಿಸಿದ ಎಲ್ಲರಿಗೂ ವಂದನೆ. ಇಷ್ಟೊಂದು ಮಿಂಚೆ ಬಂದರೂ ‘ನಂಬ್‌ನೆಸ್’ಗೆ, ಅಂದರೆ ಮುಟ್ಟಿದರೂ ಗೊತ್ತಾಗದ ಸ್ಥಿತಿಗೆ, ಪದ ಮಾತ್ರ ಸಿಕ್ಕಿಲ್ಲ. ಸೋಮವಾರ ನಮೂನೆ ಅಚ್ಚಿಗೆ ಹೋಗಬೇಕು.

ಇನ್ನೊಮ್ಮೆ ಹೇಳುತ್ತೇನೆ. ಸಕ್ಕರೆ ಕಾಯಿಲೆಯವರ ಕಾಲಿನ ನರ ಕೆಟ್ಟಿದೆಯೇ ಎಂದು ತಿಳಿಯಲು ಮಿಷಿಗನ್ ಪ್ರಶ್ನಾವಳಿ ಇದೆ, 15 ಪ್ರಶ್ನೆ. ಅದನ್ನೇ ಕನ್ನಡಕ್ಕೆ ತರುತ್ತಿದ್ದೇವೆ. ಮೊದಲನೆಯದೇ ಕಾಲು ಅಥವಾ ಪಾದ ‘ನಂಬ್’ ಆಗಿದೆಯೇ ಅಂತ. ನಾನು ‘ಜೋಮು ಹಿಡಿದಿದೆಯೇ’ ಎಂದು ಹಾಕಿದ್ದೆ. ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತಂದಾಗ ‘ಇರುವೆ ಹರಿದ ಹಾಗೆ’ ಎಂಬ ಅರ್ಥ ಬಂತು. ಅವರದ್ದು ತಪ್ಪಲ್ಲ. ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ಯಾರಿಗಾದರೂ ಜೋಮು ಬರುತ್ತೆ, ಕಾಲು ಒದರಿದರೆ ಬಿಡುತ್ತೆ. ನಮಗೆ ಬೇಕಿರುವುದು ಬಿಡದೇ ಇರುವಂಥದ್ದು.

ಅಚ್ಚಿಗೆ ಮೊದಲು ಕೆಲವರನ್ನು ಕೇಳಿ ನೋಡಿದೆವು. ಒಬ್ಬ ಅಜ್ಜಿ “ಜೋಮಾ? ಇಲ್ಲಪ್ಪ” ಅಂದರು. ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಅದು ಬಾಗುವ ತನಕ ಒತ್ತಿದರೂ ಅವರಿಗೆ ಗೊತ್ತೇ ಆಗಲಿಲ್ಲ. ಆಮೇಲೆ ತಾವೇ “ಚಪ್ಪಲಿ ಜಾರಿ ಹೋದ್ರೂ ತಿಳಿಯಲ್ಲ ಮಗ, ಬರಿಗಾಲಲ್ಲೇ ಎಷ್ಟೋ ದೂರ ಬಂದಿರ್ತೀನಿ” ಅಂದರು. ನಮೂನೆಯಲ್ಲಿ ಮಾತ್ರ ‘ಇಲ್ಲ’ ಅಂತ ಗುರುತು ಬಿದ್ದಾಗಿತ್ತು.

ಇನ್ನು ನೀವು ಸೂಚಿಸಿದ ಪದಗಳು. ‘ಮರಗಟ್ಟು’ ಬಂದಿದ್ದು ‘ಮರವೆ’ಯಿಂದ ಅಂತ ಮೂರು ಮಿಂಚೆ ಬರೆದವರೇ, ಮರವೆಯಲ್ಲಿದ್ದದ್ದು ಶಕಟರೇಫ, ಅಂದರೆ ಹಳಗನ್ನಡದ ‘ಱ’ ಅಕ್ಷರ: ‘ಮಱೆ’. ಮರದಲ್ಲಿ ಅದಿಲ್ಲ. ಮರದ ಹಾಗೆ ಆಗುವುದೇ ಮರಗಟ್ಟುವುದು, ಅಲ್ಲಿಗೆ ಮುಗಿಯಿತು. ನನ್ನ ತೊಂದರೆ ಬೇರೆ: ಹಾಗೆ ಕೇಳಿದರೆ ಮಂಡಿ ಬಿಗಿಯಾಗಿ ಹಿಡಿದುಕೊಂಡವರೂ ‘ಹೌದು’ ಅಂತಾರೆ.

‘ಸ್ಪರ್ಶಶೂನ್ಯತೆ’ ಬೇಡ. ಓದಿ ಹೇಳುವ ನರ್ಸಿಗೇ ನಾಲಿಗೆ ತೊಡರುತ್ತೆ. ‘ಅರಿವಳಿಕೆ’ ನನಗೂ ತುಂಬಾ ಇಷ್ಟದ ಪದ, ಕನ್ನಡದಲ್ಲೇ ಕಟ್ಟಿ ಗೆದ್ದದ್ದು, ಆದರೆ ಕೇಳಿದವರಿಗೆ ಆಪರೇಷನ್ ನೆನಪಾಗುತ್ತೆ. ‘ನಂಬ್’ ಅಂತಲೇ ಬಿಡಿ ಅನ್ನುವವರು, ಕನ್ನಡ ಲಿಪಿಯಲ್ಲಿ ಬರೆದರೆ ಅದನ್ನು ‘ನಂಬು’ ಎಂದು ಓದುತ್ತಾರೆ ಅನ್ನೋದನ್ನು ಯೋಚಿಸಿದ್ದೀರಾ? ಶುಗರ್, ಬಿಪಿ ಬೇರೆ ಮಾತು. ಅವನ್ನು ಜನ ತಾವೇ ತೆಗೆದುಕೊಂಡರು, ನಾವು ಕೊಟ್ಟಿದ್ದಲ್ಲ. ಎರವಲು ಬೇಕೋ ಬೇಡವೋ ಎಂಬ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

ಪ್ರಶ್ನೆಯನ್ನು ಸದ್ಯಕ್ಕೆ ‘ಕಾಲು ಅಥವಾ ಪಾದ ಮುಟ್ಟಿದರೂ ಗೊತ್ತಾಗದ ಹಾಗೆ ಆಗಿದೆಯೇ?’ ಎಂದು ಬದಲಿಸಿದ್ದೇನೆ. ಆದರೆ ಪಟ್ಟಿಯ ತಲೆಬರಹಕ್ಕೆ ಒಂದೇ ಪದ ಹಿಡಿಸುವಷ್ಟು ಜಾಗ ಇದೆ. ಕಲಬುರಗಿ ಕಡೆಯವರು, ಕರಾವಳಿಯವರು ಮನೆಯಲ್ಲಿ ಹಿರಿಯರನ್ನು ಕೇಳಿ ಹೇಳಿ: ಚಪ್ಪಲಿ ಜಾರಿದರೂ ತಿಳಿಯದ ಕಾಲಿಗೆ ನಿಮ್ಮಲ್ಲಿ ಏನಂತಾರೆ?