ಪದಚರ್ಚೆ: ‘ನವಜಾತ ದಂಶಕ’, ‘ಒಡ್ಡಿಕೊಳ್ಳು’, ‘ಅಚ್ಚೊತ್ತು’, ‘ಬೆದೆ’

ಪ್ರಶ್ನೆ

ನಮಸ್ಕಾರ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಜೀವಶಾಸ್ತ್ರದ ಪೂರಕ ಓದಿನ ಪುಸ್ತಿಕೆಯೊಂದು ತಯಾರಾಗುತ್ತಿದೆ. ಕರಡಿನಲ್ಲಿ ಹೀಗೊಂದು ವಾಕ್ಯವಿದೆ: “ನವಜಾತ ದಂಶಕಗಳು ಲೈಂಗಿಕ ಹಾರ್ಮೋನುಗಳಿಗೆ ಒಡ್ಡಿಕೊಂಡಾಗ ವಯಸ್ಕ ಸಂತಾನೋತ್ಪತ್ತಿ ಅಂಗಾಂಶಗಳ ಮೇಲೆ ಅಚ್ಚೊತ್ತುವ ಪರಿಣಾಮ ಉಂಟಾಗಿ ನಿರಂತರ ಬೆದೆ ಕಂಡುಬರುತ್ತದೆ.” ಒಂದೊಂದು ಪದಕ್ಕೂ ನಿಘಂಟಿನಲ್ಲಿ ಅರ್ಥ ಸಿಗುತ್ತದೆ. ಆದರೆ ಇಡೀ ವಾಕ್ಯ ಓದಿದ ಮೇಲೆ ಯಾರಿಗೆ ಏನಾಯಿತೆಂದು ಗೊತ್ತಾಗುವುದಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿದ್ದ ಊರು ನಮ್ಮದು. ಇಲಿಯ ಬಗ್ಗೆ ಬರೆದದ್ದನ್ನು ಓದುಗರು ಮನೆಮಕ್ಕಳಿಗೆ ಹೊಂದಿಸಿಕೊಂಡೇ ಓದುತ್ತಾರೆ. ಹಾಗಾಗಿ ಪದ ಜಾರುವಂತಿಲ್ಲ. ವಿಷಯ ಬಲ್ಲವರು ತಿದ್ದಿಕೊಡಬೇಕು.

ಉತ್ತರ

‘ದಂಶಕ’ವನ್ನು (ಇಲಿಯಂಥ ಕಡಿಯುವ ಪ್ರಾಣಿಗಳ ಒಟ್ಟು ಹೆಸರು) ಮೊದಲು ತೆಗೆಯಿರಿ. ಗಿನಿಪಿಗ್ ಕೂಡ ದಂಶಕವೇ. ಅದು ಸುಮಾರು 68 ದಿನ ತಾಯಿಯ ಹೊಟ್ಟೆಯಲ್ಲಿದ್ದು, ಮೈತುಂಬ ರೋಮದೊಂದಿಗೆ, ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. ಹಾರ್ಮೋನು ಅದರ ದೇಹವನ್ನು ರೂಪಿಸುವ ಕಾಲ ಹುಟ್ಟುವ ಮೊದಲೇ ಮುಗಿದಿರುತ್ತದೆ. ಎಳವೆಯ ಹಾರ್ಮೋನು ದೇಹವನ್ನು ರೂಪಿಸುತ್ತದೆ ಎಂಬ ವಿಷಯಕ್ಕೆ ತಳಹದಿ ಹಾಕಿದ 1959ರ ಪ್ರಯೋಗದಲ್ಲಿ ಟೆಸ್ಟೊಸ್ಟೆರೋನ್ ಎಂಬ ಗಂಡು ಹಾರ್ಮೋನು ಕೊಟ್ಟದ್ದು ಬಸುರಿ ಗಿನಿಪಿಗ್‌ಗಳಿಗೆ, ಹುಟ್ಟಿದ ಮರಿಗಳಿಗಲ್ಲ. ಇಲಿ 22 ದಿನಕ್ಕೆ, ಸುಂಡಿಲಿ ಸುಮಾರು 19–20 ದಿನಕ್ಕೆ ಮರಿ ಹಾಕುತ್ತವೆ. ಕಣ್ಣು ಮುಚ್ಚಿದ, ರೋಮವಿಲ್ಲದ ಮರಿಗಳು ಅವು. ಆದ್ದರಿಂದ ಪ್ರಾಣಿಯ ಹೆಸರನ್ನೇ ಹೇಳುವುದು ಸರಿ. ದೊಡ್ಡದಕ್ಕೆ ‘ಇಲಿ’, ಚಿಕ್ಕದಕ್ಕೆ ‘ಸುಂಡಿಲಿ’ ಎಂದರೆ ಕಾಸರಗೋಡಿನ ಮಕ್ಕಳಿಗೆ ಗೊಂದಲವಾಗದು. ಮಲಯಾಳದ ‘ಚುಂಡೆಲಿ’ ಅವರ ಕಿವಿಗೆ ಬಿದ್ದೇ ಇರುತ್ತದೆ.

‘ನವಜಾತ’ ಎಂಬುದೇ ಇಲ್ಲಿ ಎಲ್ಲಕ್ಕಿಂತ ಅಪಾಯದ ಪದ. ಓದುಗರ ಕಣ್ಣಿಗೆ ಬರುವುದು ತೊಟ್ಟಿಲ ಕೂಸು. ಆದರೆ ಆಗತಾನೇ ಹುಟ್ಟಿದ ಸುಂಡಿಲಿಯ ಗರ್ಭಕೋಶದಲ್ಲಿ ಗ್ರಂಥಿಗಳೇ ಇರುವುದಿಲ್ಲ; ಅವು ಮೂಡಲು ತೊಡಗುವುದು ಹುಟ್ಟಿದ ಸುಮಾರು 5 ದಿನದ ಮೇಲೆ. ಇಲಿಯ ಪ್ರಾಸ್ಟೇಟ್ ಗ್ರಂಥಿ ಕವಲೊಡೆದು ಬೆಳೆಯುವುದೂ ಹೆಚ್ಚಾಗಿ ಹುಟ್ಟಿದ ಮೊದಲ ಎರಡು ವಾರಗಳಲ್ಲಿ. ಮನುಷ್ಯರಲ್ಲಿ ಆ ಕೆಲಸ ತಾಯಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ. ಅಂದರೆ ಈ ಅಂಗಗಳ ಮಟ್ಟಿಗೆ ಮೂರು ದಿನದ ಇಲಿಮರಿಯನ್ನು ಹೋಲಿಸಬೇಕಾದದ್ದು ಬಸಿರಿನೊಳಗಿನ ಶಿಶುವಿಗೆ. ‘ಹುಟ್ಟಿದ ಮೊದಲ 5 ದಿನದ ಇಲಿಮರಿ’ ಎಂದು ದಿನವನ್ನೇ ಬರೆಯಿರಿ, ಅಡಿಯಲ್ಲಿ ಈ ಹೋಲಿಕೆಯನ್ನು ಒಂದು ಸಾಲಿನಲ್ಲಿ ಕೊಡಿ. ಡಿಇಎಸ್ ಎಂಬ ಕೃತಕ ಈಸ್ಟ್ರೋಜೆನ್ (ಈಸ್ಟ್ರೋಜೆನ್ ಎಂದರೆ ಹೆಣ್ಣು ಹಾರ್ಮೋನು) ಇದಕ್ಕೆ ತಕ್ಕ ಉದಾಹರಣೆ. ಗರ್ಭಪಾತ ತಡೆಯಲೆಂದು ಬಸುರಿಯರಿಗೆ ಕೊಡುತ್ತಿದ್ದ ಈ ಮದ್ದಿನಿಂದ ಅವರ ಹೆಣ್ಣುಮಕ್ಕಳಲ್ಲಿ ಹರೆಯದ ಹೊತ್ತಿಗೆ ಯೋನಿಯ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡದ್ದು 1971ರಲ್ಲಿ ವರದಿಯಾಯಿತು. ಅದನ್ನೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಹಲವು ಪ್ರಯೋಗಗಳಲ್ಲಿ ಮದ್ದು ಕೊಟ್ಟದ್ದು ಹುಟ್ಟಿದ ಸುಂಡಿಲಿ ಮರಿಗಳಿಗೆ.

‘ಒಡ್ಡಿಕೊಳ್ಳು’ ಎಂದರೆ ತಾನಾಗಿ ಮೈಯೊಡ್ಡಿದಂತೆ. ಮರಿ ಏನನ್ನೂ ಒಡ್ಡಲಿಲ್ಲ. ‘ಸೋಕು’ ಎಂದರೆ ರೋಗ ಅಂಟಿದ ಹಾಗಾಗುತ್ತದೆ, ‘ತಾಗು’ ಎಂದರೆ ಹೊರಮೈಗೆ ತಾಗಿದ ಹಾಗೆ. ಪ್ರಯೋಗವಾದರೆ ‘ಕೊಟ್ಟಾಗ’, ನೀರು–ಆಹಾರ–ಗಾಳಿಯಿಂದ ಬಂದದ್ದಾದರೆ ‘ಮೈಸೇರಿದಾಗ’. ಇಷ್ಟು ಸಾಕು. ಕೊಟ್ಟ ಬಗೆಯನ್ನೂ ಬರೆದರೆ ಪದದ ಅರ್ಥ ಗಟ್ಟಿಯಾಗುತ್ತದೆ: ಹಾರ್ಮೋನನ್ನು ಎಳ್ಳೆಣ್ಣೆ ಅಥವಾ ಮೆಕ್ಕೆಜೋಳದ ಎಣ್ಣೆಯಲ್ಲಿ ಕರಗಿಸಿ, 0.05 ಮಿ.ಲೀ.ನಷ್ಟನ್ನು ಕತ್ತಿನ ಹಿಂಭಾಗದ ಚರ್ಮದಡಿ ಚುಚ್ಚುತ್ತಾರೆ. ಸೂಜಿಯನ್ನು ಸರಕ್ಕನೆ ಎಳೆದರೆ ಎಣ್ಣೆ ಹೊರಗೆ ಒಸರಿ ಪ್ರಮಾಣ ಕೆಡುತ್ತದೆ. ಹೋಲಿಕೆಗೆಂದು ಇಟ್ಟ, ಹಾರ್ಮೋನು ಕೊಡದ ಮರಿಗಳಿಗೆ ಬರೀ ಎಣ್ಣೆ ಕೊಡಬೇಕು, ಏನೂ ಕೊಡದೆ ಬಿಡುವುದಲ್ಲ.

ಇನ್ನು ‘ಅಚ್ಚೊತ್ತು’. ಕೋಳಿಮರಿ ಮೊದಲು ಕಂಡದ್ದರ ಹಿಂದೆ ಹೋಗುವುದಕ್ಕೂ, ತಾಯಿಯ ಅಥವಾ ತಂದೆಯ ಜೀನ್ ಮಾತ್ರ ಕೆಲಸ ಮಾಡುವುದಕ್ಕೂ ಈಗಾಗಲೇ ಈ ಪದ ಬಳಕೆಯಲ್ಲಿದೆ. ಮೂರನೆಯ ಹೊರೆ ಬೇಡ. ಇಲ್ಲಿ ಬೇಕಾದದ್ದು ಒಂದು ಪದವಲ್ಲ, ಒಂದು ಜೋಡಿ: ಎಳವೆಯಲ್ಲಿ ಆಗುವ, ಹಿಂದಿರುಗದ ‘ರೂಪಿಸುವ ಪರಿಣಾಮ’, ಪ್ರಾಯದಲ್ಲಿ ಹಾರ್ಮೋನು ಇದ್ದಷ್ಟು ಹೊತ್ತು ಮಾತ್ರ ಇರುವ ‘ಚಾಲನೆಯ ಪರಿಣಾಮ’. ಇವೆರಡನ್ನೂ ಒಂದೇ ‘ಪರಿಣಾಮ’ದಲ್ಲಿ ಮುಗಿಸಿದರೆ ವಿಷಯವೇ ಬಿದ್ದುಹೋಗುತ್ತದೆ. ಸುಂಡಿಲಿ ಮರಿಗೆ ಹುಟ್ಟಿದ 1ರಿಂದ 5ನೆಯ ದಿನದವರೆಗೆ ದಿನಕ್ಕೆ 2 ಮೈಕ್ರೋಗ್ರಾಂ ಡಿಇಎಸ್ ಕೊಟ್ಟಾಗ, 18 ತಿಂಗಳ ಪ್ರಾಯಕ್ಕೆ ಸುಮಾರು 90% ಹೆಣ್ಣುಗಳ ಗರ್ಭಕೋಶದಲ್ಲಿ ಕ್ಯಾನ್ಸರ್ ಕಂಡಿತು. ಹರೆಯಕ್ಕೆ ಮೊದಲೇ ಅಂಡಾಶಯ ತೆಗೆದಿದ್ದರೆ ಗಡ್ಡೆ ಬರಲಿಲ್ಲ. ಎಳವೆಯ ಹಾರ್ಮೋನು ಅಂಗಾಂಶವನ್ನು ತಪ್ಪಾಗಿ ರೂಪಿಸಿತು, ಗಡ್ಡೆ ಬೆಳೆಯಲು ಮಾತ್ರ ಪ್ರಾಯದ ಈಸ್ಟ್ರೋಜೆನ್ ಬೇಕಾಯಿತು. ಅದೇ ಸುಂಡಿಲಿಯ ಯೋನಿಯ ಒಳಪದರದ ಕತೆ ಬೇರೆ: ಎಳವೆಯಲ್ಲಿ ಈಸ್ಟ್ರೋಜೆನ್ ಹೆಚ್ಚು ಸೇರಿದ್ದರೆ, ಅಂಡಾಶಯ ತೆಗೆದ ಮೇಲೂ ಅದು ದಪ್ಪಗಟ್ಟಿ ಚಕ್ಕೆಗಟ್ಟುತ್ತಲೇ ಇರುತ್ತದೆ. ‘ಅಚ್ಚು’ ಎಂದರೆ ಈ ಎರಡನೆಯದು ಮಾತ್ರ ಹೊಳೆಯುತ್ತದೆ.

‘ಬೆದೆ’ ನಮ್ಮದೇ ಒಳ್ಳೆಯ ಪದ, ಹಟ್ಟಿಯಲ್ಲಿ ದಿನವೂ ಬಳಕೆಯಲ್ಲಿರುವುದು. ಇಲ್ಲಿ ಅದೇ ತೊಡಕು. 5 ದಿನದ ಹೆಣ್ಣಿಲಿ ಮರಿಗೆ ಒಂದೇ ಸಲ 1.25 ಮಿ.ಗ್ರಾಂ ಟೆಸ್ಟೊಸ್ಟೆರೋನ್ ಪ್ರೊಪಿಯೊನೇಟ್ (ಟೆಸ್ಟೊಸ್ಟೆರೋನಿನ ಒಂದು ರೂಪ) ಕೊಟ್ಟರೆ ಪ್ರಾಯದಲ್ಲಿ ಅಂಡ ಬಿಡುಗಡೆಯಾಗುವುದಿಲ್ಲ. ಅಂಡಾಶಯದಲ್ಲಿ ನೀರುಗುಳ್ಳೆಗಳಿರುತ್ತವೆ, ಅಂಡ ಹೊರಬಿದ್ದ ಮೇಲೆ ಉಳಿಯುವ ಹಳದಿಕಾಯ ಇರುವುದಿಲ್ಲ. 20ನೆಯ ದಿನ ಕೊಟ್ಟರೆ ಹೀಗಾಗದು. ಇಂಥ ಇಲಿಯ ಯೋನಿಯ ಸ್ಮಿಯರ್ (ಒಳಗಿನ ಕೋಶಗಳನ್ನು ತೆಗೆದು ಗಾಜಿನ ಮೇಲೆ ಸವರಿ ನೋಡುವ ಮಾದರಿ) ತೆಗೆದರೆ ಕೋಶಕೇಂದ್ರವಿಲ್ಲದ ಚಕ್ಕೆಕೋಶಗಳೇ ದಿನವೂ ಸಿಗುತ್ತವೆ. ಸಹಜ ಇಲಿಯಲ್ಲಿ 4–5 ದಿನದ ಚಕ್ರದಲ್ಲಿ ಅವು ತುಂಬಿರುವುದು ಒಂದು ದಿನದ ಮಟ್ಟಿಗೆ. ಆದರೆ ಗಂಡಿಗೆ ಒಪ್ಪುವ ಬೆದೆಯ ನಡವಳಿಕೆ ಅದರಲ್ಲಿ ಕುಗ್ಗಿರುತ್ತದೆ. ಹಸು ಸಾಕಿದ ಮನೆಯವರು ‘ನಿರಂತರ ಬೆದೆ’ ಎಂದು ಓದಿದರೆ ಅರ್ಥ ತಲೆಕೆಳಗು. ‘ಸ್ಮಿಯರ್‌ನಲ್ಲಿ ಬೆದೆಯ ಕೋಶಗಳು ಬಿಡದೆ ಕಾಣುತ್ತವೆ’ ಎನ್ನಿ. ಸ್ಮಿಯರ್ ತೆಗೆಯುವಾಗ ಪಿಪೆಟ್ ಒಳಗೆ ಹೋಗಿ ಗರ್ಭಕೋಶದ ಕೊರಳಿಗೆ ತಗುಲಿದರೆ ಹುಸಿಬಸಿರು ಬಂದು, ಸುಮಾರು ಎರಡು ವಾರ ಬಿಳಿ ರಕ್ತಕೋಶಗಳೇ ಕಾಣುತ್ತವೆ. ಅದನ್ನು ಹಾರ್ಮೋನಿನ ಪರಿಣಾಮವೆಂದು ಬರೆದುಕೊಳ್ಳುವ ಅಪಾಯ ಉಂಟು.

ಕರಡಿಗೆ ಬದಲಾಗಿ ಹೀಗೆ ಬರೆಯಬಹುದು: “ಹುಟ್ಟಿದ ಮೊದಲ 5 ದಿನಗಳೊಳಗೆ ಹೆಣ್ಣಿಲಿ ಮರಿಗೆ ಟೆಸ್ಟೊಸ್ಟೆರೋನ್ ಕೊಟ್ಟರೆ, ಅಂಡವನ್ನು ಬಿಡುಗಡೆ ಮಾಡಿಸುವ ವ್ಯವಸ್ಥೆಯೇ ಬೇರೆ ರೀತಿ ರೂಪಗೊಳ್ಳುತ್ತದೆ. ಪ್ರಾಯಕ್ಕೆ ಬಂದ ಮೇಲೆ ಅದಕ್ಕೆ ಅಂಡೋತ್ಪತ್ತಿಯಾಗುವುದಿಲ್ಲ. ಸ್ಮಿಯರ್‌ನಲ್ಲಿ ಬೆದೆಯ ಕೋಶಗಳು ಬಿಡದೆ ಕಾಣುತ್ತವೆ.” ಗರ್ಭಕೋಶದ ಮಾತಿಗೆ ಪ್ರತ್ಯೇಕ ವಾಕ್ಯ ಮಾಡಿ.

ಎಂಡೋಸಲ್ಫಾನಿನ ಪ್ರಸ್ತಾಪ ಈ ಪಾಠದಲ್ಲಿ ಬರುವುದಾದರೆ ಇನ್ನೂ ಒಂದು ಸಾಲು ಬೇಕು. ಇಲಿ–ಸುಂಡಿಲಿ ಮರಿಗಳ ರಕ್ತದಲ್ಲಿ ಆಲ್ಫಾ ಫೀಟೊಪ್ರೋಟೀನ್ ಎಂಬ ಪ್ರೋಟೀನು ಸಹಜ ಈಸ್ಟ್ರೋಜೆನನ್ನು ಹಿಡಿದಿಟ್ಟು ಮರಿಯನ್ನು ಕಾಯುತ್ತದೆ. ಡಿಇಎಸ್ ಅದರ ಹಿಡಿತಕ್ಕೆ ಅಷ್ಟಾಗಿ ಸಿಗದು. ಮನುಷ್ಯರ ಅದೇ ಪ್ರೋಟೀನು ಈಸ್ಟ್ರೋಜೆನನ್ನು ಹಾಗೆ ಹಿಡಿಯುವುದಿಲ್ಲ. ಆದ್ದರಿಂದ ಇಲಿಯ ಪ್ರಮಾಣವನ್ನು ಮಕ್ಕಳ ತೂಕಕ್ಕೆ ಗುಣಿಸಿ ತೋರಿಸುವ ಲೆಕ್ಕ ಪಾಠದಲ್ಲಿ ಬೇಡ.

ಚಿತ್ರದ ಅಡಿಬರಹದಲ್ಲಿ ಹುಟ್ಟಿದ ದಿನ 0 ಎಂದೋ 1 ಎಂದೋ ಸ್ಪಷ್ಟವಾಗಿ ಹಾಕಿ. ಎರಡೂ ರೂಢಿ ಉಂಟು.