ಪದಚರ್ಚೆ: ‘ಪ್ರವಾದಿ’ಯ ಒಳಗಿರುವ ‘ಮುಂದೆ’ ಯಾವುದು?

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ಮಕ್ಕಳಿಗೆ ಬೈಬಲಿನ ಯೋನನ ಕಥೆ ಹೇಳುತ್ತಿದ್ದೆ. ನಿನೆವೆ ಪಟ್ಟಣ ನಲವತ್ತು ದಿನದಲ್ಲಿ ನಾಶವಾಗುತ್ತದೆ ಅಂತ ಅವನು ಸಾರುತ್ತಾನೆ, ಜನ ತಿದ್ದಿಕೊಳ್ಳುತ್ತಾರೆ, ಪಟ್ಟಣ ಉಳಿಯುತ್ತದೆ. ಒಬ್ಬ ಹುಡುಗಿ ಕೈ ಎತ್ತಿ, "ಪ್ರವಾದಿ ಅಂದ್ರೆ ಭವಿಷ್ಯ ಹೇಳೋರು ತಾನೆ? ಯೋನ ಹೇಳಿದ್ದು ಆಗ್ಲೇ ಇಲ್ವಲ್ಲ, ಮತ್ತೆ ಅವನು ಹೇಗೆ ಪ್ರವಾದಿ?" ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂತ ಜಾರಿಕೊಂಡೆ. ಆ ವಾರ ಬರುವ ಮೊದಲು ಬಲ್ಲವರನ್ನು ಕೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಭಾಷೆ ಓದಿದವನಲ್ಲ, ತಪ್ಪಿದ್ದರೆ ತಿದ್ದಿ.

ಮೊದಲು ಪದ. ‘ಪ್ರವಾದಿ’ ಅಂದರೆ ಪ್ರ ಮತ್ತು ವಾದಿ. ವದ್ ಅಂದರೆ ಮಾತಾಡು. ಇಲ್ಲಿನ ‘ವಾದಿ’ ಸಮಾಜವಾದಿಯ ವಾದಿ ಅಲ್ಲ, ಬರೀ ಮಾತಾಡುವವನು. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಪ್ರವಾದಿಗೆ ಇರುವ ಗ್ರೀಕ್ ಪದ ‘ಪ್ರೊಫೆಟೆಸ್’ ಕೂಡ ಹೀಗೇ ಕಟ್ಟಿದ್ದು, ಪ್ರೊ ಅಂದರೆ ಮುಂದೆ, ಉಳಿದ ಭಾಗ ಹೇಳುವುದಕ್ಕೆ ಸಂಬಂಧಿಸಿದ್ದು. ಎರಡು ಪದಗಳೂ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಈಗ ನನ್ನ ಗೊಂದಲ. ಮುಂದೆ ಹೇಳುವವನು ಅಂದರೆ ಯಾವ ಮುಂದೆ? ಕನ್ನಡದ ‘ಮುಂದೆ’ಗೆ ಎರಡು ಮುಖ. ಜನರ ಮುಂದೆ ನಿಂತು ಹೇಳುವುದು ಒಂದು, ಮುಂದೆ ಆಗುವುದನ್ನು ಹೇಳುವುದು ಇನ್ನೊಂದು. ಗ್ರೀಕಿನ ಪ್ರೊಗೂ ಇವೆರಡೂ ಅರ್ಥ ಇವೆ. ಆದರೆ ಸಂಸ್ಕೃತದ ಪ್ರವಾದದಲ್ಲಿ ಕಾಲದ ಮಾತೇ ಇದ್ದ ಹಾಗಿಲ್ಲ. ಹೊರಗೆ ಹೇಳಿದ್ದು, ಸಾರಿದ್ದು, ಜನರ ಬಾಯಲ್ಲಿ ಓಡಾಡುವ ಮಾತು, ಗಾಳಿಸುದ್ದಿ ಅಂತೆಲ್ಲ ಅರ್ಥ. ಹಾಗಾದರೆ ನಾವು ಈ ಪದ ಕೇಳಿದ ಕೂಡಲೇ ಭವಿಷ್ಯದ ಕಡೆ ಯಾಕೆ ಓಡುತ್ತೇವೆ?

ಬೈಬಲಿನ ಹಳೆಯ ಒಡಂಬಡಿಕೆಯ ಮೂಲದಲ್ಲಿ ಪ್ರವಾದಿಗೆ ಇರುವ ಹೀಬ್ರೂ ಪದ ‘ನಾವೀ’. ಅದರ ಅರ್ಥಕ್ಕೆ ನಿಘಂಟಿಗಿಂತ ವಿಮೋಚನಕಾಂಡದ 7ನೇ ಅಧ್ಯಾಯದ ಮೊದಲ ವಚನ ನನಗೆ ಜಾಸ್ತಿ ಸಹಾಯ ಮಾಡಿತು. ಜನರನ್ನು ಐಗುಪ್ತದ ದಾಸತ್ವದಿಂದ ಬಿಡಿಸಲು ದೇವರು ಕಳಿಸಿದ ಮೋಶೆಗೆ ಮಾತು ತಡೆಯುತ್ತದೆ. ಆಗ ದೇವರು, ನಿನ್ನ ಅಣ್ಣ ಆರೋನ ನಿನಗೆ ಪ್ರವಾದಿಯಾಗಿರಲಿ ಅನ್ನುತ್ತಾನೆ. ಆರೋನ ಮೋಶೆಯ ಭವಿಷ್ಯ ಹೇಳಲಿಲ್ಲವಲ್ಲ! ಅದಕ್ಕೂ ಮೊದಲು 4ನೇ ಅಧ್ಯಾಯದಲ್ಲಿ ಇದೇ ವಿಷಯ ಇನ್ನೂ ನೇರವಾಗಿದೆ, ಅವನು ನಿನಗೆ ಬಾಯಿ ಆಗಿರುವನು ಅಂತ. ನಾವೀ ಅಂದರೆ ಇನ್ನೊಬ್ಬರ ಬಾಯಿ. ಇವತ್ತಿನ ಮಾತಲ್ಲಿ ವಕ್ತಾರ. ಆದರೆ ಆ ಪದ ಪಕ್ಷಗಳ ಪಾಲಾಗಿದೆ, ಟಿವಿ ಚರ್ಚೆಯಲ್ಲಿ ಕಿರುಚುವವರ ಮುಖವೇ ಕಣ್ಣೆದುರು ಬರುತ್ತದೆ, ಹಾಗಾಗಿ ಬೇಡ.

ಇನ್ನೊಂದು ಸ್ವಾರಸ್ಯ. ಬೈಬಲಿನ ಒಳಗೇ ಒಂದು ಪದಚರ್ಚೆ ಇದೆ. ಮುಂದೆ ರಾಜನಾಗುವ ಸೌಲ ಅಪ್ಪನ ಕತ್ತೆಗಳನ್ನು ಹುಡುಕಿಕೊಂಡು ಅಲೆಯುತ್ತಾನೆ, ಸಿಗುವುದಿಲ್ಲ, ಜೊತೆಗಿದ್ದ ಆಳು ಕೈಲಿದ್ದ ಕಾಲು ಶೆಕೆಲ್ ಬೆಳ್ಳಿ ಕೊಟ್ಟು ದೇವರ ಮನುಷ್ಯನನ್ನು ಕೇಳೋಣ ಅನ್ನುತ್ತಾನೆ. ಕಥೆಯ ನಡುವೆ ಬರೆದವರು ಸುಮ್ನೆ ನಿಂತು ಒಂದು ಟಿಪ್ಪಣಿ ಹಾಕುತ್ತಾರೆ: ಈಗ ಪ್ರವಾದಿ ಅನ್ನುವವರನ್ನು ಹಿಂದೆ ‘ನೋಡುವವನು’ ಅನ್ನುತ್ತಿದ್ದರು ಅಂತ (1 ಸಮುವೇಲ 9:9). ಅಂದರೆ ಕಾಣುವವನು ಹೋಗಿ ಹೇಳುವವನು ಬಂದ. ಕಳೆದ ಕತ್ತೆ ಎಲ್ಲಿದೆ ಅಂತ ಕೇಳಲು ಹೋಗುವ ಅಭ್ಯಾಸ ಮಾತ್ರ ಹೋದ ಹಾಗಿಲ್ಲ.

ಇದು ನನಗೆ ಬರೀ ಪದದ ವಿಷಯ ಅಲ್ಲ. ಕೆಲವು ವರ್ಷಗಳ ಹಿಂದೆ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದೆ. ಒಂದು ಪ್ರಾರ್ಥನಾ ಕೂಟದಲ್ಲಿ ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ತಲೆ ಮೇಲೆ ಕೈ ಇಟ್ಟು, ಮೂರು ತಿಂಗಳೊಳಗೆ ಇದಕ್ಕಿಂತ ದೊಡ್ಡ ಕೆಲಸ ಸಿಗುತ್ತದೆ ಅಂತ ‘ಪ್ರವಾದನೆ’ ಹೇಳಿದರು. ಎಲ್ಲರೂ ಆಮೆನ್ ಅಂದರು, ನಾನೂ ಅಂದೆ, ಸ್ವಲ್ಪ ಜೋರಾಗೇ. ಸಿಗಲಿಲ್ಲ. ಮೂರು ತಿಂಗಳಾದ ಮೇಲೆ ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇರಬೇಕು ಅಂತ ನನ್ನನ್ನೇ ಬೈದುಕೊಳ್ಳಲು ಶುರು ಮಾಡಿದೆ, ಆ ದಿನಗಳು ಕೆಲಸ ಹೋದ ದಿನಗಳಿಗಿಂತ ಕೆಟ್ಟದಾಗಿದ್ದವು. ಅದೇ ಸಮಯದಲ್ಲಿ ಸಭೆಯ ವಯಸ್ಸಾದ ಅಮ್ಮ ಒಬ್ಬರು ಆರಾಧನೆ ಮುಗಿದ ಮೇಲೆ ಹತ್ತಿರ ಬಂದು, "ನೀನು ನಿನ್ನ ತಮ್ಮನ ಹತ್ರ ಮಾತಾಡಿ ಎಷ್ಟು ದಿನ ಆಯ್ತಪ್ಪ?" ಅಂದರು. ಅಷ್ಟೇ. ಜಗಳ ಆಗಿ ಎರಡು ವರ್ಷ ಆಗಿತ್ತು. ಅವರಿಗೆ ಯಾರು ಹೇಳಿದರೋ! ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಮಾಡಿದ್ದ ರಾಜ ದಾವೀದನ ಮುಂದೆ ಪ್ರವಾದಿ ನಾತಾನ, ಬಡವನ ಕುರಿಮರಿ ಕಿತ್ತುಕೊಂಡ ಸಾಹುಕಾರನ ಕಥೆ ಹೇಳಿ, ಕಡೆಗೆ ಆ ಮನುಷ್ಯ ನೀನೇ ಅಂದನಲ್ಲ, ಹಾಗಿತ್ತು.

ಇವೆರಡರಲ್ಲಿ ಪ್ರವಾದನೆ ಯಾವುದು? ನಮ್ಮ ರೂಢಿಯಲ್ಲಿ ಮೊದಲನೆಯದು. ಅಮ್ಮ ಹೇಳಿದ್ದನ್ನು ಯಾರೂ ಆ ಹೆಸರಲ್ಲಿ ಕರೆಯುವುದಿಲ್ಲ. ಹೊಸ ಒಡಂಬಡಿಕೆಯಲ್ಲಿ ಪೌಲನು ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ, ಪ್ರವಾದಿಸುವವನು ಜನರನ್ನು ಕಟ್ಟುತ್ತಾನೆ, ಹುರಿದುಂಬಿಸುತ್ತಾನೆ, ಸಮಾಧಾನ ಹೇಳುತ್ತಾನೆ ಅನ್ನುತ್ತಾನೆ. ಆ ಸಾಲಿನಲ್ಲಿ ಭವಿಷ್ಯದ ಸುದ್ದಿಯೇ ಇಲ್ಲ.

ಪ್ರವಾದಿಗಳು ಮುಂದಾಗುವುದನ್ನು ಹೇಳಲೇ ಇಲ್ಲ ಅಂತ ನಾನು ವಾದಿಸುತ್ತಿಲ್ಲ, ಹೇಳಿದ್ದಾರೆ. ಆದರೆ ಪ್ರವಾದಿ ಯೆರೆಮೀಯನ ಪುಸ್ತಕದ 28ನೇ ಅಧ್ಯಾಯ ಓದಿ ನೋಡಿ. ಬಾಬೆಲಿನ (ಬ್ಯಾಬಿಲೋನಿನ) ರಾಜ ಯೆಹೂದದ ಎಷ್ಟೋ ಜನರನ್ನು ಸೆರೆ ಒಯ್ದಿದ್ದ. ಆ ರಾಜನಿಗೆ ತಲೆಬಾಗಿ ಅನ್ನುವ ಗುರುತಾಗಿ ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕಿಕೊಂಡಿದ್ದ. ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಬಂದು, ಎರಡೇ ವರ್ಷದಲ್ಲಿ ಬಾಬೆಲಿನ ನೊಗ ಮುರಿಯುತ್ತದೆ, ಎಲ್ಲರೂ ವಾಪಸ್ ಬರುತ್ತಾರೆ ಅನ್ನುತ್ತಾನೆ. ಎಷ್ಟು ಸಿಹಿ ಮಾತು. ಯೆರೆಮೀಯ ಮೊದಲು ಏನಂದ ಗೊತ್ತಾ? ಆಮೆನ್, ಹಾಗೇ ಆಗಲಿ ಅಂದ. ಅವನಿಗೂ ಆಸೆ ಇತ್ತು. ಹನನ್ಯ ಅವನ ಕುತ್ತಿಗೆಯ ಮೇಲಿದ್ದ ಮರದ ನೊಗ ಕಿತ್ತು ಮುರಿದಾಗಲೂ ಮಾತಾಡದೆ ಹೊರಟು ಹೋದ. ಆಮೇಲೆ ದೇವರ ಮಾತು ಬಂತು, ಮರದ ನೊಗ ಹೋಯ್ತು, ಇನ್ನು ಕಬ್ಬಿಣದ್ದು ಅಂತ. ಮುಂದಿನ ಅಧ್ಯಾಯದಲ್ಲಿ ಸೆರೆಯಲ್ಲಿದ್ದವರಿಗೆ ಪತ್ರ: 70 ವರ್ಷ ಆಗುತ್ತದೆ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ. ಮೂರು ತಿಂಗಳು ಕಾದು ಸೋತವನಿಗೆ ಈ ಪತ್ರ ಎಷ್ಟು ಹಿತವಾಗಿ ಕೇಳಿಸಿತು ಅಂತ ಹೇಳಲಾರೆ.

ಇಲ್ಲೊಂದು ಪದದ ಸೂಕ್ಷ್ಮ ಇದೆ. ಹೀಬ್ರೂ ಪಾಠದಲ್ಲಿ ಹನನ್ಯನನ್ನೂ ‘ನಾವೀ’ ಅಂತಲೇ ಕರೆದಿದೆ. ‘ಸುಳ್ಳು ಪ್ರವಾದಿ’ ಅನ್ನುವ ಹಣೆಪಟ್ಟಿ ಹಚ್ಚಿದ್ದು ಅದರ ಹಳೆಯ ಗ್ರೀಕ್ ಅನುವಾದ. ಕೇಳುತ್ತಿದ್ದ ಜನಕ್ಕೆ ಇಬ್ಬರೂ ಪ್ರವಾದಿಗಳೇ, ಹಣೆ ಮೇಲೆ ಏನೂ ಬರೆದಿರಲಿಲ್ಲ.

ಮತ್ತೆ ಯೋನನಿಗೆ ಬರುತ್ತೇನೆ. ಅವನು ನಿನೆವೆಯಲ್ಲಿ ಸಾರಿದ್ದು ಹೀಬ್ರೂವಿನಲ್ಲಿ ಐದೇ ಪದ. ಇನ್ನು ನಲವತ್ತು ದಿನ, ನಿನೆವೆ ಮಗುಚುತ್ತದೆ. ಈ ಕೊನೆಯ ಪದದ ಧಾತು ಸೊದೋಮ್ ನಾಶವಾದ ಕಡೆಯೂ ಬರುತ್ತದೆ, ದೇವರು ಸೌಲನ ಹೃದಯವನ್ನು ಮಾರ್ಪಡಿಸಿದ ಕಡೆಯೂ ಬರುತ್ತದೆ. ಅಂದರೆ ನಾಶವಾಗುತ್ತದೆ ಅಂತಲೂ ಕೇಳಬಹುದು, ಬದಲಾಗುತ್ತದೆ ಅಂತಲೂ ಕೇಳಬಹುದು. ನಿನೆವೆ ಬದಲಾಯಿತು. ಹಾಗಾದರೆ ಯೋನ ಹೇಳಿದ್ದು ಆಯಿತು, ಅವನಿಗೇ ಅದು ಇಷ್ಟವಾಗಲಿಲ್ಲ ಅಷ್ಟೇ! ನಮ್ಮ ಅನುವಾದಗಳು ಸಾಮಾನ್ಯವಾಗಿ ನಾಶದ ಅರ್ಥ ಮಾತ್ರ ಕೊಡುತ್ತವೆ. ಹಳಗನ್ನಡದಲ್ಲಿ ‘ಮಗುಳ್’ ಅಂತ ಒಂದು ಕ್ರಿಯಾಪದ ಇದೆ, ಹಿಂದಿರುಗು, ತಿರುಗು ಅಂತ. ನಮ್ಮ ಮಗುಚು ಅದರ ಮನೆಯದ್ದೇ. ನಾಶ, ಬದಲಾವಣೆ ಎರಡನ್ನೂ ಹೊರುವ ಒಂದು ಪದ ಇವತ್ತಿನ ಕನ್ನಡದಲ್ಲಿ ಇದೆಯಾ?

ಅನುವಾದದಲ್ಲಿ ಕನ್ನಡ ಗೆಲ್ಲುವ ಜಾಗವೂ ಒಂದಿದೆ. ಬೈಬಲಿನ ಇನ್ನೊಬ್ಬ ಪ್ರವಾದಿ ಆಮೋಸ ಬೇತೇಲ್ ಊರಲ್ಲಿ ಸಾರುತ್ತಿದ್ದಾಗ ಅಲ್ಲಿನ ಯಾಜಕ (ಪುರೋಹಿತ) ಅಮಚ್ಯ ಅವನಿಗೆ, ಯೆಹೂದಕ್ಕೆ ಓಡಿ ಹೋಗು, ಅಲ್ಲೇ ಪ್ರವಾದಿಸಿ ಹೊಟ್ಟೆ ಹೊರೆದುಕೋ ಅನ್ನುತ್ತಾನೆ. ಆಮೋಸ, ನಾನು ಪ್ರವಾದಿಯಲ್ಲ, ಪ್ರವಾದಿಯ ಮಗನೂ ಅಲ್ಲ, ದನ ಕಾಯುವವನು, ಅತ್ತಿಹಣ್ಣು ನೋಡಿಕೊಳ್ಳುವವನು ಅನ್ನುತ್ತಾನೆ (ಆಮೋಸ 7:14). ಹೀಬ್ರೂವಿನಲ್ಲಿ ಆ ಮಾತಿಗೆ ಕ್ರಿಯಾಪದವೇ ಇಲ್ಲ, ಹಾಗಾಗಿ ಆಗ ಆಗಿರಲಿಲ್ಲ ಅಂದನಾ, ಈಗಲೂ ಅಲ್ಲ ಅಂದನಾ ಅಂತ ಬೇರೆ ಭಾಷೆಯವರು ಜಗಳ ಆಡಬೇಕಾಗುತ್ತದೆ. ನಮ್ಮ ‘ಅಲ್ಲ’ಕ್ಕೆ ಕಾಲವೇ ಇಲ್ಲ. ‘ಪ್ರವಾದಿಯಲ್ಲ’ ಅಂದರೆ ಮುಗಿಯಿತು, ಗೊಂದಲ ಗೊಂದಲವಾಗೇ ಉಳಿಯುತ್ತದೆ. ಅದು ನನಗೆ ಖುಷಿ.

ಈಗ ಬಲ್ಲವರಲ್ಲಿ ಕೇಳುವುದು. ಮಕ್ಕಳಿಗೆ ಪ್ರವಾದಿ ಅನ್ನುವುದನ್ನು ಒಂದೇ ಪದದಲ್ಲಿ ತಿಳಿ ಹೇಳುವುದು ಹೇಗೆ? ‘ಮುನ್ನುಡಿಗ’ ಅಂತ ಕಟ್ಟಿ ನೋಡಿದೆ, ಪುಸ್ತಕಕ್ಕೆ ಮುನ್ನುಡಿ ಬರೆಯುವವರ ಹಾಗೆ ಕೇಳುತ್ತದೆ, ಮೇಲಾಗಿ ಅದೇ ಹಳೇ ‘ಮುಂದೆ’ಯ ಗಂಟು. ‘ದೇವರ ಬಾಯಿ’ ನನಗೆ ಇಷ್ಟ, ಆದರೆ ಹುಡುಗರು ನಗುತ್ತಾರೇನೋ. ಇನ್ನೊಂದು, ಪ್ರವಾದನೆ ‘ಹೇಳು’ ಸರಿಯಾ, ‘ಮಾಡು’ ಸರಿಯಾ, ಇಲ್ಲ ನೇರವಾಗಿ ‘ಪ್ರವಾದಿಸು’ ಸಾಕಾ? ‘ಹೇಳು’ ಅಂದ ಕೂಡಲೇ ನನಗೆ ಕಣಿ ಹೇಳುವುದರ ನೆನಪಾಗುತ್ತದೆ, ಮತ್ತು ಬೈಬಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿ ಬೇಡ ಅಂದಿರುವುದು ಅದನ್ನೇ ಅಲ್ವಾ?

ಭಾನುವಾರದ ಒಳಗೆ ಯಾರಾದರೂ ಉತ್ತರಿಸಿದರೆ ಆ ಹುಡುಗಿಯ ಮುಂದೆ ನನ್ನ ಮರ್ಯಾದೆ ಉಳಿಯುತ್ತದೆ.