ಪಿ ವ್ಯಾಲ್ಯೂ 0.07 ಬಂದರೆ ಜೀವಾಮೃತ ಕೆಲಸ ಮಾಡಿಲ್ಲ ಅಂತಾನಾ?

ರಾಗಿಹೊಲ:
ಎಂಎಸ್ಸಿ ಥೀಸಿಸ್‌ಗೆ ರಾಗಿ ಟ್ರಯಲ್ ಹಾಕಿದ್ದೆ. ಆರ್‌ಬಿಡಿ (ಪ್ರತಿ ಬ್ಲಾಕ್‌ನಲ್ಲೂ ಎಲ್ಲ ಟ್ರೀಟ್‌ಮೆಂಟ್‌ಗಳನ್ನು ಚೀಟಿ ಎತ್ತಿದ ಹಾಗೆ ಹಂಚುವ ವಿಧಾನ), 4 ಟ್ರೀಟ್‌ಮೆಂಟ್, 5 ರೆಪ್ಲಿಕೇಶನ್ ಅಂದರೆ 5 ಬ್ಲಾಕ್, ಒಟ್ಟು 20 ಪ್ಲಾಟ್. ಬರೀ ಕೊಟ್ಟಿಗೆ ಗೊಬ್ಬರ ಹಾಕಿದ ಕಡೆ ಹೆಕ್ಟೇರಿಗೆ 24 ಕ್ವಿಂಟಲ್, ಜೊತೆಗೆ ಜೀವಾಮೃತ (ಸಗಣಿ, ಗಂಜಲ ಕಲಸಿ ಹುದುಗಿಸಿದ ದ್ರವಗೊಬ್ಬರ) ಕೊಟ್ಟ ಕಡೆ 27. ಸಿಡಿ (ಕ್ರಿಟಿಕಲ್ ಡಿಫರೆನ್ಸ್, ಅಂದರೆ 0.05 ಗೆರೆಯಲ್ಲಿ ‘ಸಿಗ್ನಿಫಿಕೆಂಟ್’ ಅನ್ನಿಸಿಕೊಳ್ಳಲು ಬೇಕಾದ ವ್ಯತ್ಯಾಸ) 3.3. ಈ ಎರಡನ್ನು ಹೋಲಿಸಿದರೆ ಪಿ ವ್ಯಾಲ್ಯೂ 0.07. ಟೇಬಲ್‌ನಲ್ಲಿ ‘ಎನ್‌ಎಸ್’ (ನಾನ್ ಸಿಗ್ನಿಫಿಕೆಂಟ್) ಹಾಕಿ, ‘ಜೀವಾಮೃತದಿಂದ ಪ್ರಯೋಜನವಿಲ್ಲ’ ಎಂದು ಬರೆಯಬೇಕಾ? ಮಳೆಗಾಲ ಪೂರ್ತಿ ಆ ಡ್ರಮ್ಮು ಕಲಕಿದ್ದೇನೆ, ಸುಮ್ನೆ ಬಿಡಲು ಮನಸ್ಸಿಲ್ಲ.

ಗೆರೆ ದಾಟಬೇಡ:
0.05 ದಾಟಿದರೆ ಎನ್‌ಎಸ್. ಎಕ್ಸಾಮಿನರ್ ನೋಡೋದು ಅಷ್ಟೇ. ಮುಂದಿನ ಟೇಬಲ್‌ಗೆ ಹೋಗಿ.

ಹಳೇ ಕ್ಯಾಲ್ಕುಲೇಟರ್:
ಎನ್‌ಎಸ್ ಹಾಕಿ, ಅದು ಸರಿ. ‘ಪ್ರಯೋಜನವಿಲ್ಲ’ ಅನ್ನೋದು ತಪ್ಪು. 28 ವರ್ಷ ಹುಡುಗರ ಟೇಬಲ್ ತಿದ್ದಿದ್ದೇನೆ. ನನ್ನ ಕೆಂಪು ಇಂಕು ಜಾಸ್ತಿ ಖರ್ಚಾಗಿದ್ದು ಈ ಒಂದು ವಾಕ್ಯಕ್ಕೇ.

ನಿಮ್ಮ ವ್ಯತ್ಯಾಸ 3. ಅದರಿಂದ 3.3 ಕಳೆಯಿರಿ, ಆಮೇಲೆ ಅದಕ್ಕೇ ಕೂಡಿಸಿ. –0.3ರಿಂದ 6.3. ಅಂದರೆ ಜೀವಾಮೃತ ಕೊಟ್ಟರೆ ಹೆಕ್ಟೇರಿಗೆ 30 ಕಿಲೋ ಕಮ್ಮಿಯೂ ಆಗಬಹುದು, 6 ಕ್ವಿಂಟಲ್ ಜಾಸ್ತಿಯೂ ಆಗಬಹುದು. 20 ಪ್ಲಾಟ್ ಇಟ್ಟುಕೊಂಡು ಇದಕ್ಕಿಂತ ಖಚಿತವಾಗಿ ಹೇಳೋಕೆ ಆಗಲ್ಲ. ಈ ಎರಡು ತುದಿಗಳನ್ನೇ ಥೀಸಿಸ್‌ನಲ್ಲಿ ಬರೆಯಿರಿ.

ಹಾಗಂತ 0.07 ಅಂದರೆ ‘ಶೇ 93 ಗ್ಯಾರಂಟಿ’ ಅಂತಲೂ ಅಲ್ಲ. ಜೀವಾಮೃತದಿಂದ ಏನೂ ಆಗೋದೇ ಇಲ್ಲ ಅಂದುಕೊಳ್ಳಿ. ಆಗಲೂ ಬರೀ ಮಣ್ಣಿನ ಏರುಪೇರಿನಿಂದಲೇ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ 100ರಲ್ಲಿ 7 ಸಲ ಬರುತ್ತೆ. ಅದು ಹೇಳೋದು ಇಷ್ಟೇ.

0.05 ದೇವರು ಎಳೆದ ಗೆರೆಯೇನಲ್ಲ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಪ್ಲಾಟ್‌ಗಳ ಲೆಕ್ಕ ಹಾಕುತ್ತಿದ್ದ ಫಿಶರ್ ತಮ್ಮ 1925ರ ಪುಸ್ತಕದಲ್ಲಿ, 20ರಲ್ಲಿ 1 ಅಂದರೆ ಏರುಪೇರಿನ ಅಳತೆಯ (ಸ್ಟ್ಯಾಂಡರ್ಡ್ ಡೀವಿಯೇಶನ್) 1.96 ಪಟ್ಟು, ಹೆಚ್ಚುಕಡಿಮೆ 2, ಇದು ಅನುಕೂಲದ ಗೆರೆ ಎಂದರು. ನಾವೆಲ್ಲ ಬಾಯಿಪಾಠ ಮಾಡಿದ ‘ಎರಡು ಪಟ್ಟು’ ಇದೇ. ಚಿಕ್ಕ ಟ್ರಯಲ್‌ಗೆ ಅದೂ ಸಾಲದು. ನಿಮ್ಮ ಎರರ್ ಡಿಎಫ್ (ಏರುಪೇರು ಅಂದಾಜಿಸಲು ಉಳಿಯುವ ಸ್ವತಂತ್ರ ಅಂಕಿಗಳ ಸಂಖ್ಯೆ) 12, ಹಾಗಾಗಿ 2.18 ಪಟ್ಟು ಬೇಕು. ಸಿಡಿಯಲ್ಲಿ ಅದು ಆಗಲೇ ಸೇರಿದೆ.

ರಾಗಿಹೊಲ:
ಥ್ಯಾಂಕ್ಸ್ ಸರ್. ಇನ್ನೊಂದು ಮಾತು. ಐದನೇ ಬ್ಲಾಕ್ ಬದುವಿನ ಪಕ್ಕ ಇತ್ತು, ಒಂದು ವಾರ ನೀರು ನಿಂತಿತ್ತು. ಅದನ್ನು ತೆಗೆದರೆ 0.03 ಬರುತ್ತೆ. ತೆಗೀಬಹುದಾ?

ಹಳೇ ಕ್ಯಾಲ್ಕುಲೇಟರ್:
ಬಂದ್ರಲ್ಲ ದಾರಿಗೆ! ನೀರು ನಿಂತಿದ್ದನ್ನು ಆಗಲೇ ಫೀಲ್ಡ್ ಬುಕ್‌ನಲ್ಲಿ ಬರೆದಿದ್ದೀರಾ, ಇಲ್ಲಾ 0.07 ನೋಡಿದ ಮೇಲೆ ನೆನಪಾಯ್ತಾ? ಬರೆದಿದ್ದರೆ ಎರಡೂ ಲೆಕ್ಕ ಕೊಡಿ, ಕಾರಣ ಸಮೇತ. ಇಲ್ಲದಿದ್ದರೆ ಆ ಬ್ಲಾಕ್ ಮುಟ್ಟಬೇಡಿ.

ರಾಗಿಹೊಲ:
ಈಗ ತೆಗೆದು ನೋಡಿದೆ ಸರ್. ಆ ವಾರದ ಪುಟದಲ್ಲಿ ‘ಕಳೆ ಕಿತ್ತೆವು, ಆಳು 4’ ಅಂತಷ್ಟೇ ಇದೆ. 20 ಪ್ಲಾಟೂ ಇರಲಿ ಬಿಡಿ.